ಬೋರ್ಡು ಒರೆಸಿದವರು ಯಾರು?

ನಮ್ಮಕ್ಕನಿಗೆ ಯಾರನ್ನೂ ಊಟಕ್ಕೆ ಕರೆಯಲು ಬರುತ್ತಿರಲಿಲ್ಲ. ಹಾಜರಿ ಕೂಗಲು ಬರುತ್ತಿತ್ತು. ವಿಶಾಖಪಟ್ಟಣದ ಅವಳ ಮನೆಯಲ್ಲಿ ತಟ್ಟೆ ಹಾಕಿದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರದೇ ಹೆಸರು ಕೂಗುವಳು. ಭಾವ, ಮಗಳು, ನಾನು, ಬಂದ ನೆಂಟರು, ಯಾರೂ "ಬಂದೆ" ಅನ್ನುವಂತಿಲ್ಲ. "ಹಾಜರ್" ಅನ್ನಬೇಕು. ಒಮ್ಮೆ ಭಾವನ ಕಚೇರಿಯ ಸಾಹೇಬರು ಊಟಕ್ಕೆ ಬಂದಿದ್ದರು. ಅವರ ಹೆಸರನ್ನೂ ಕೂಗಿಬಿಟ್ಟಳು. ಅವರು ಗಾಬರಿಯಿಂದ ಎದ್ದು ನಿಂತು "ಪ್ರೆಸೆಂಟ್ ಮೇಡಂ" ಅಂದರು. ಆಮೇಲೆ ತಾನು ಯಾಕೆ ಎದ್ದೆ ಅಂತ ಭಾವನ ಮುಖ ನೋಡಿದರು. ಸಾರು ಕಲಸುತ್ತಿದ್ದ ಭಾವ ತಲೆ ಎತ್ತಲಿಲ್ಲ. ಅವರಿಗೆ ಅಭ್ಯಾಸವಾಗಿತ್ತು.

ಊರಿನವರ ಹೆಸರೆಲ್ಲ ಕೂಗಿದ ಅವಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳು ಇದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ಹೋದ ಮೇಲೆ ಶುರು ಮಾಡುವುದು ಚೆನ್ನಾಗಿರುವುದಿಲ್ಲ.

ನಾವು ಶಿರಾ ಕಡೆಯವರು. ಭಾವನ ಮನೆಯವರು ಮೂರು ತಲೆಮಾರಿನಿಂದ ವಿಶಾಖಪಟ್ಟಣದಲ್ಲಿ ನಿಂತು ಅರ್ಧ ತೆಲುಗಾದ ಕನ್ನಡದವರು. ಅಕ್ಕ ಮದುವೆಯಾಗಿ ಅಲ್ಲಿಗೆ ಹೋದಳು. ಅವಳ ಹಿಂದೆಯೇ ಆಂಧ್ರಕ್ಕೆ ಹೋದ ನಾನು ವಿಜಯವಾಡದಲ್ಲಿ ಉಳಿದು ಅಂಗಡಿಗಳ ಬೋರ್ಡು ಬರೆಯುವ ಕೆಲಸ ಹಿಡಿದೆ. ನನ್ನ ಓದು ಆರನೇ ಕ್ಲಾಸಿನ ಅರ್ಧ. ತೆಲುಗು ಓದಲು ಬರುತ್ತಿರಲಿಲ್ಲ. ಆದರೆ ಅಕ್ಷರವನ್ನು ನೋಡಿ ಹೂವು ಬರೆದ ಹಾಗೆ ಬರೆದುಬಿಡುತ್ತಿದ್ದೆ. ಮೊದಲ ವರ್ಷ ಹಲ್ಲಿನ ಡಾಕ್ಟರ ಬೋರ್ಡನ್ನು ಚಪ್ಪಲಿ ಅಂಗಡಿಗೂ, ಚಪ್ಪಲಿ ಅಂಗಡಿಯದನ್ನು ಡಾಕ್ಟರಿಗೂ ನೇತು ಹಾಕಿ ಬಂದಿದ್ದೆ. ಇದನ್ನು ಕೇಳಿ ಅಕ್ಕ ಮೂರು ದಿನ ನಕ್ಕಳು. ನಾಲ್ಕನೇ ದಿನ "ಬಾರೋ ಇಲ್ಲಿ, ನಿನ್ನ ಕೈಯಿಂದ ಒಂದು ಕೆಲಸ ಆಗ್ಬೇಕು" ಅಂತ ಕಾಗದ ಹಾಕಿದಳು.

ಆ ಕೆಲಸ ಯಾವುದು ಅಂತ ಹೇಳಬೇಕಾದರೆ ಕಟ್ಟಡದ ವಿಷಯ ಹೇಳಬೇಕು.

ದ್ವಾರಕಾ ನಗರದ ಹಿಂದಿನ ಒಂದು ಗಲ್ಲಿಯಲ್ಲಿ ಹೆಂಚಿನ ಶಾಲೆಯೊಂದಿತ್ತು. ಅಕ್ಕ ಅಲ್ಲಿ ಮೂರನೇ ಕ್ಲಾಸಿನ ಟೀಚರು. ಎಂಬತ್ತರ ದಶಕದ ಮೊದಲಲ್ಲಿ ಶಾಲೆ ದೂರದ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯದು ಖಾಲಿ ಬಿತ್ತು. ಎಲ್ಲರೂ ಹೊಸ ಶಾಲೆಯ ಕಿಟಕಿಗೆ ಗಾಜಿದೆ ಅಂತ ಖುಷಿಪಟ್ಟರೆ, ಅಕ್ಕ ಹಳೆಯ ಕಟ್ಟಡದ ಯಜಮಾನರ ಮನೆ ಬಾಗಿಲಿಗೆ ಹೋಗಿ ನಿಂತು, "ನಾಟಕ ಆಡ್ಸೋಕೆ ಕೊಡಿ ಅಂಡಿ" ಅಂದಳು. ಅಷ್ಟು ಹೊತ್ತಿಗೆ ತೆಲುಗಿನ ಈ "ಅಂಡಿ" ಅವಳ ಕನ್ನಡಕ್ಕೆ ಅಂಟಿಕೊಂಡಿತ್ತು. ಯಾರಿಗೆ ಮರ್ಯಾದೆ ಕೊಡಬೇಕಾದರೂ ಮಾತಿನ ಬಾಲಕ್ಕೆ ಅದನ್ನು ಸಿಕ್ಕಿಸುವಳು.

ಯಜಮಾನರಿಗೆ ಒಂದು ಆಸೆ ಉಳಿದಿತ್ತು. ಯಾವತ್ತಾದರೂ ಒಂದು ದಿನ ಅದು ಮತ್ತೆ ಶಾಲೆಯಾಗಬಹುದು ಅಂತ. ಅದಕ್ಕೆ ಒಂದು ಷರತ್ತು ಹಾಕಿ ಕೊಟ್ಟರು. ಏನು ಬೇಕಾದರೂ ಮಾಡಿ, ಬೆಂಚು ತೆಗೆಯಬಾರದು, ಗೋಡೆಯ ಕರಿಹಲಗೆ ಮುಚ್ಚಬಾರದು.

ಹಾಗಾಗಿ ಊರಲ್ಲೆಲ್ಲೂ ಇಲ್ಲದ ನಾಟಕಶಾಲೆ ಅದಾಯಿತು. ಜನ ಕೂರುವುದು ಮೂರನೇ ಕ್ಲಾಸಿನ ಮಕ್ಕಳ ಬೆಂಚಿನ ಮೇಲೆ. ವರ್ಗವಾಗಿ ಬಂದ ಕನ್ನಡದ ಬ್ಯಾಂಕು ಆಫೀಸರುಗಳು ಭಾನುವಾರ ಸಂಜೆ ನಾಲ್ಕಕ್ಕೆ ಇಸ್ತ್ರಿ ಪ್ಯಾಂಟು ಹಾಕಿಕೊಂಡು ಬಂದು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರುತ್ತಿದ್ದರು. ಒಬ್ಬ ಮ್ಯಾನೇಜರು ಕುರ್ಚಿ ಕೇಳಿದ್ದಕ್ಕೆ ಅಕ್ಕ, "ಇಲ್ಲಿ ಕೂತೋರೆಲ್ಲ ಮೂರನೇ ಕ್ಲಾಸು ಅಂಡಿ. ಕುರ್ಚಿ ಟೀಚರಿಗೆ ಮಾತ್ರ" ಅಂದಳು. ಅವರು ಬಾಯಿ ಮುಚ್ಚಿ ಬೆಂಚಿನ ತುದಿಗೆ ಸರಿದರು.

ರಂಗದ ಹಿಂದೆ ಉದ್ದಕ್ಕೂ ಕರಿಹಲಗೆ. ಪರದೆ ಕಟ್ಟಿ ಅದನ್ನು ಮುಚ್ಚುವಂತಿಲ್ಲ. ಅದಕ್ಕೇ ಅರಮನೆ, ಕಾಡು, ಪೊಲೀಸ್ ಠಾಣೆ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆಯಬೇಕು, ದೃಶ್ಯ ಮುಗಿದ ಕೂಡಲೇ ಒರೆಸಬೇಕು. ಮುಂದುಗಡೆ ತಂತಿಗೆ ಎರಡು ಬೆಡ್‌ಶೀಟ್ ಇಳಿಬಿಟ್ಟಿದ್ದೆವು. ಅವು ಮುಚ್ಚಿದ ಐದು ನಿಮಿಷದಲ್ಲಿ ನಾನು ಅರಮನೆ ಒರೆಸಿ ಕಾಡು ಬೆಳೆಸಬೇಕು. ನನ್ನನ್ನು ಕರೆಸಿದ್ದು ಇದಕ್ಕೆ. ಪ್ರತಿ ನಾಟಕಕ್ಕೂ ವಿಜಯವಾಡದಿಂದ ರೈಲು ಹತ್ತಿ ಹೋಗುತ್ತಿದ್ದೆ.

ಇನ್ನು ಪಾತ್ರಧಾರಿಗಳು. ಬ್ಯಾಂಕಿನವರನ್ನು ನಂಬಿ ನಾಟಕ ಆಡುವುದೆಂದರೆ ಹಕ್ಕಿ ನಂಬಿ ಮನೆ ಕಟ್ಟಿದ ಹಾಗೆ. ಎರಡು ತಿಂಗಳು ರಾಜನ ಪಾತ್ರ ಕಲಿತವನಿಗೆ ಗುರುವಾರ ವರ್ಗದ ಆರ್ಡರು ಬರುತ್ತಿತ್ತು. ಶನಿವಾರ ಅವನು ಪೆಟ್ಟಿಗೆ ಸಮೇತ ಸ್ಟೇಷನ್ನಿನಲ್ಲಿ. ಭಾನುವಾರಕ್ಕೆ ಹೊಸ ರಾಜ ಬೇಕು. ಅಕ್ಕ ಯಾರಾದರೂ ಸಿಕ್ಕಿದವರಿಗೆ ಕಿರೀಟ ಇಡುತ್ತಿದ್ದಳು. ಮಂಗಳೂರಿನ ರಾಜ, ಧಾರವಾಡದ ರಾಣಿ, ಕೋಲಾರದ ಮಂತ್ರಿ, ಒಬ್ಬೊಬ್ಬರದು ಒಂದೊಂದು ಊರಿನ ಕನ್ನಡ. "ಅಪ್ಪ ಅಮ್ಮ ಮಗ ಮೂರು ಜನಾನೂ ಮೂರು ಥರ ಮಾತಾಡ್ತಾರಲ್ಲ ಟೀಚರೇ" ಅಂತ ಯಾರೋ ಕೇಳಿದರು. "ರಾಜ್ಯ ದೊಡ್ಡದು ಅಂಡಿ" ಅಂದಳು.

ಎರಡು ದಿನದಲ್ಲಿ ಮಾತು ಬಾಯಿಪಾಠ ಆಗುವುದು ಹೇಗೆ? ಅದಕ್ಕೆ ಅಕ್ಕ ಒಂದು ಉಪಾಯ ಮಾಡಿದ್ದಳು. ನಾನು ಮರ ಬರೆದರೆ ಅದರ ತೊಗಟೆಯ ಗೆರೆಗಳ ನಡುವೆ ಅವಳು ಸಣ್ಣಕ್ಷರದಲ್ಲಿ ಮಾತು ಬರೆಯುವಳು. ರಾಜನ ಮಾತು ಕಂಬದ ಮೇಲೆ, ರಾಣಿಯದು ಕಿಟಕಿಯ ಸರಳಿನಲ್ಲಿ, ಕಳ್ಳನದು ಬೇಲಿಯ ಮುಳ್ಳಿನಲ್ಲಿ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಓದಲು ಬರದು, ಅವರ ಮಾತು ತೆಲುಗು ಅಕ್ಷರದಲ್ಲಿ. ದೂರದಿಂದ ನೋಡಿದವರಿಗೆ ಬರೀ ಗೆರೆ. "ಮುಖ ಮರದ ಕಡೆ, ಗಂಟಲು ಜನದ ಕಡೆ" ಅಂತ ಎಲ್ಲರಿಗೂ ಹೇಳಿಕೊಡುತ್ತಿದ್ದಳು. ನಮ್ಮ ನಾಟಕದಲ್ಲಿ ರಾಜರೆಲ್ಲ ಕಂಬ ನೋಡುತ್ತ ಯುದ್ಧ ಸಾರಿದರು. ಪ್ರೇಮಿಗಳು ಒಬ್ಬರ ಮುಖ ಒಬ್ಬರು ನೋಡದೆ ಮಾವಿನ ಮರವನ್ನು ಪ್ರೀತಿಸಿದರು. ಇದು ಹೊಸ ಥರದ ಅಭಿನಯ ಅಂತ ಒಬ್ಬ ಕಾಲೇಜು ಮೇಷ್ಟ್ರು ಹೊಗಳಿಯೂ ಇದ್ದರು.

ಅಕ್ಕನ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಗಂಟು. ಬೇರೆ ಹೆಂಗಸರು ಬೀಗದ ಕೈ ಕಟ್ಟಿಕೊಳ್ಳುವ ಜಾಗದಲ್ಲಿ ಅವಳು ಸೀಮೆಸುಣ್ಣದ ಚೂರು ಕಟ್ಟಿಕೊಂಡಿರುತ್ತಿದ್ದಳು. ಯಾರಾದರೂ ಮಾತು ಮರೆತರೆ ಆ ಗಂಟನ್ನು ಬೆರಳಲ್ಲಿ ಹಿಸುಕುವಳು. ನಾಟಕ ಮುಗಿಯುವ ಹೊತ್ತಿಗೆ ಸೆರಗು ಹಿಟ್ಟಾಗಿರುತ್ತಿತ್ತು. ಆರು ವರ್ಷ ಹೀಗೆ ಪಕ್ಕದಲ್ಲಿ ನಿಂತು ಗಂಟು ಹಿಸುಕಿದಳೇ ಹೊರತು, ತಾನು ಒಮ್ಮೆಯೂ ಬಣ್ಣ ಹಚ್ಚಲಿಲ್ಲ.

ಆರು ವರ್ಷದ ಮೇಲೆ ಹಚ್ಚಿದಳು. ಆ ಕಟ್ಟಡದ ಮೇಲೇ ಒಂದು ನಾಟಕ ಬರೆದಳು. ಮುಚ್ಚಿಹೋಗುತ್ತಿರುವ ಶಾಲೆಯಲ್ಲಿ ಟೀಚರೊಬ್ಬಳ ಕೊನೆಯ ದಿನ. ಟೀಚರು ಇವಳೇ. ಕಾಗದ ಬಂತು: "ಈ ಒಂದು ಸಲ ನಾನು ಆಡ್ತೀನಿ ಕಣೋ. ಮತ್ತೆ ಯಾವತ್ತೂ ಇಲ್ಲ. ಮರ ಚೆನ್ನಾಗಿ ಬರಿ."

ಹೋದೆ. ಹಿಂದಿನ ದಿನ ತಾಲೀಮು ನೋಡಿದೆ. ಮೊದಲನೇ ದೃಶ್ಯದಲ್ಲಿ ಟೀಚರು ತನ್ನ ಬಾಲ್ಯ ನೆನೆಯುತ್ತಾಳೆ. ಐವತ್ತು ವರ್ಷದ, ಹೊಟ್ಟೆ ಇರುವ ಒಬ್ಬ ಬ್ಯಾಂಕು ಆಫೀಸರು ಚಡ್ಡಿ ಹಾಕಿಕೊಂಡು ಬಂದರು. ಅವರು ಆಡುತ್ತಿದ್ದ ಹುಡುಗ ನಾನು.

ಇಲ್ಲಿ ನಮ್ಮ ಊರಿನ ಶಾಲೆಯ ಕತೆ ಹೇಳಬೇಕು. ಆರು ಏಳು ಎರಡೂ ಕ್ಲಾಸು ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಅಕ್ಕ ಏಳು, ನಾನು ಆರು. ಅಕ್ಕ ಮಾನಿಟರು. ಮೇಷ್ಟ್ರು ಹೊರಗೆ ಹೋದರೆ ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಅವಳ ಕೆಲಸ. ಮೊದಲ ಹೆಸರು ನನ್ನದೇ. ಒಂದು ದಿನ ಅವಳು ನೀರು ಕುಡಿಯಲು ಹೋದಾಗ ನಾನು ಬೋರ್ಡು ಒರೆಸಿಬಿಟ್ಟೆ. ಮೇಷ್ಟ್ರು ಬಂದು "ಬೋರ್ಡು ಒರೆಸಿದೋರು ಯಾರು?" ಅಂದರು. ಅಕ್ಕ ಎದ್ದು ನಿಂತು "ನಮ್ಮ ತಮ್ಮ ಸಾರ್" ಅಂದಳು. ಹುಣಸೆ ಬರಲು ಮುರಿಯುವವರೆಗೂ ಬಿತ್ತು. ಆವತ್ತು ಕಾಂಪೌಂಡು ಹಾರಿದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ನನ್ನ ಓದು ಆರನೇ ಕ್ಲಾಸಿನ ಅರ್ಧ ಅಂದೆನಲ್ಲ, ಆ ಅರ್ಧ ಮುರಿದದ್ದು ಅಲ್ಲೇ.

ಅದನ್ನೇ ನಾಟಕಕ್ಕೆ ಹಾಕಿದ್ದಳು. ಚಡ್ಡಿಯ ಆಫೀಸರು ಬೋರ್ಡು ಒರೆಸಿದರು, ಏಟು ತಿಂದರು, ಬೆಂಚು ಹಾರಲು ಹೋಗಿ ಸಿಕ್ಕಿಕೊಂಡರು. ತಾಲೀಮಿಗೆ ಬಂದಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನೂ ಹಲ್ಲು ಬಿಟ್ಟೆ. ಆಮೇಲೆ ಅಕ್ಕನನ್ನು ಜಗಲಿಗೆ ಕರೆದೆ.

"ಅದೊಂದು ತೆಗೆದುಬಿಡು ಅಕ್ಕ."

"ಯಾವುದು?"

"ಆ ಹುಡುಗಂದು."

"ಅಯ್ಯೋ, ಜನ ನಗೋ ಜಾಗ ಅದೊಂದೇ ಕಣೋ! ಮಿಕ್ಕಿದ್ದೆಲ್ಲ ಅಳೋದು."

ಅಷ್ಟು ಹೇಳಿ ಒಳಗೆ ಹೋದಳು. ಜನ ನಗುವ ಜಾಗ. ನಾನು ಎಷ್ಟೋ ಮಳಿಗೆಗಳಿಗೆ ಬೋರ್ಡು ಬರೆದಿದ್ದೇನೆ. ನನಗೇ ಯಾರೋ ಬೋರ್ಡು ಬರೆದು ತಗುಲಿಸಿದ ಹಾಗಾಯಿತು.

ಭಾನುವಾರ ಬೆಳಿಗ್ಗೆ ಮರ ಬರೆದೆ. ಕಟ್ಟಡದ ಮುಂದಿನ ಬಾದಾಮಿ ಮರವನ್ನೇ ನೋಡಿ ಬರೆದದ್ದು, ಆಫೀಸರು ಒರೆಸದ ಒಂದು ಮೂಲೆಯಲ್ಲಿ, ಬೋರ್ಡಿನ ಮೇಲಂಚು ಮುಟ್ಟುವ ತನಕ. ಅಕ್ಕ ಬಾಗಿಲು ಹಾಕಿ ಸೆರಗಿನಿಂದ ಸುಣ್ಣ ಬಿಚ್ಚಿ ತೊಗಟೆಯಲ್ಲಿ ತನ್ನ ಮಾತು ಬರೆಯಲು ಶುರು ಮಾಡಿದಳು. ಕೊನೆಯ ದೃಶ್ಯದ ಉದ್ದ ಮಾತು, ಪೂರ್ತಿ. ನಾನು ಬಾಯಿ ಬಿಟ್ಟು ನೋಡಿದೆ.

"ನೀನೇ ಬರ್ದಿರೋದಲ್ವಾ ಅಕ್ಕ?"

"ನಿಲ್ತಾ ಇಲ್ಲ ಕಣೋ ತಲೇಲಿ. ಜನ ಕೂತಿರೋದು ನೆನೆಸ್ಕೊಂಡ್ರೆ ಸಾಕು, ಎಲ್ಲ ಬಿಳೀ ಆಗೋಗುತ್ತೆ. ಎಲ್ರಿಗೂ ಮಾತು ಹೇಳ್ಕೊಟ್ಟೋಳಿಗೇ ಹಿಂಗೆ ಅಂತ ಯಾರ ಹತ್ರಾನೂ ಹೇಳ್ಬೇಡ. ನಿನಗೊಬ್ಬನಿಗೇ ಗೊತ್ತಿರ್ಲಿ."

ನನಗೊಬ್ಬನಿಗೇ ಗೊತ್ತಿತ್ತು. ಅದನ್ನು ಏನು ಮಾಡಿದೆ ಅಂತ ಹೇಳಲು ಇಷ್ಟೆಲ್ಲ ಬರೆದದ್ದು.

ಸಂಜೆ ಬೆಂಚುಗಳು ತುಂಬಿದ್ದವು. ಮುಂದಿನ ಬೆಂಚಿನಲ್ಲಿ ಕಟ್ಟಡದ ಯಜಮಾನರು, ಬಿಳೀ ಪಂಚೆ, ಮೊಣಕಾಲು ಗದ್ದಕ್ಕೆ. ಮೊದಲ ದೃಶ್ಯದಲ್ಲಿ ಚಡ್ಡಿಯ ಆಫೀಸರು ಬೆಂಚಿನಲ್ಲಿ ಸಿಕ್ಕಿಕೊಂಡಾಗ ಹೆಂಚು ಹಾರಿಹೋಗುವಷ್ಟು ನಗು. ಯಜಮಾನರು ಕಣ್ಣೊರೆಸಿಕೊಂಡರು. ಕೊನೆಯ ದೃಶ್ಯಕ್ಕೆ ಮುಂಚೆ ಬೆಡ್‌ಶೀಟು ಮುಚ್ಚಿತು. ಅಕ್ಕ ಪಕ್ಕದ ಕೋಣೆಯಲ್ಲಿ ಕನ್ನಡಿ ನೋಡುತ್ತಿದ್ದಳು. ನಾನು ಒದ್ದೆ ಬಟ್ಟೆ ತೆಗೆದುಕೊಂಡು ಮರದ ಕಾಂಡ ಒರೆಸಿದೆ. ಎಲೆ ಕೊಂಬೆ ಹಾಗೇ ಬಿಟ್ಟೆ. ಗಡಿಬಿಡಿ ಮಾಡಲಿಲ್ಲ, ಅದೇ ಈಗ ಬೇಜಾರು. ಚೆನ್ನಾಗಿ, ಮೂಲೆ ಬಿಡದೆ, ಕಸುಬಿನವನ ಹಾಗೆ ಒರೆಸಿದೆ.

ಬೆಡ್‌ಶೀಟು ತೆರೆಯಿತು. ಅಕ್ಕ ಬಂದಳು. ಮರದ ಕಡೆ ಮುಖ ಮಾಡಿದಳು. ಬುಡವಿಲ್ಲದ ಮರ, ಕೊಂಬೆಗಳು ಗಾಳಿಯಲ್ಲಿ ನಿಂತಿದ್ದವು.

ಅವಳ ಕೈ ಸೆರಗಿನ ಗಂಟಿಗೆ ಹೋಯಿತು. ಹಿಸುಕಿದಳು. ಜನ ಇದೂ ನಾಟಕ ಅಂದುಕೊಂಡರು. ನನಗೆ ಮಾತ್ರ ಅವಳ ಕಿವಿಯ ಹಿಂದೆ ಬೆವರಿಳಿಯುವುದು ಕಂಡಿತು. ಆಗ ನನ್ನ ಸಿಟ್ಟು ಎಲ್ಲಿ ಹೋಯಿತೋ. ಯಾರಾದರೂ ಬೆಡ್‌ಶೀಟು ಎಳೆಯಿರಪ್ಪ ಅಂತ ಅನ್ನಿಸಿತು. ಎಳೆಯುವ ಹಗ್ಗ ಇದ್ದದ್ದು ನನ್ನ ಕೈಯಲ್ಲೇ.

ಅಕ್ಕ ತಿರುಗಿದಳು. ಜನರನ್ನು ನೋಡಿದಳು. ಅಷ್ಟು ದೊಡ್ಡ ಜನರೆಲ್ಲ ಅಷ್ಟು ಚಿಕ್ಕ ಬೆಂಚಿನ ಮೇಲೆ. ಟೀಚರಮ್ಮನ ಗಂಟಲು ಬಂತು.

"ಬೋರ್ಡು ಒರೆಸಿದೋರು ಯಾರು?"

ಬೆಂಚಿನ ಸಾಲಿನ ಮುಂದೆ ಒಂದು ಸುತ್ತು ನಡೆದಳು.

"ಹೇಳಲ್ವಾ? ಸರಿ. ಹಾಜರಿ ಕೂಗ್ತೀನಿ."

ಕೂಗಿದಳು. ಮ್ಯಾನೇಜರುಗಳು, ಗುಮಾಸ್ತರು, ಅವರ ಹೆಂಡತಿಯರು, ಒಬ್ಬೊಬ್ಬರದೇ ಹೆಸರು. ಆರು ವರ್ಷ ತಾಲೀಮಿಗೂ ಊಟಕ್ಕೂ ಕೂಗಿ ಕೂಗಿ ಎಲ್ಲರ ಹೆಸರೂ ಅವಳ ಬಾಯಲ್ಲಿತ್ತು. ಒಬ್ಬೊಬ್ಬರೇ ಎದ್ದು "ಹಾಜರ್" ಅಂದರು. ಯಜಮಾನರ ಹೆಸರು ಕೂಗಿ, "ಏಳರ ಮಗ್ಗಿ ಹೇಳಿ ಅಂಡಿ" ಅಂದಳು. ಅವರು ತೆಲುಗಿನಲ್ಲಿ ಏಳಾರು ನಲವತ್ತೆರಡರವರೆಗೆ ಹೇಳಿ ತಡವರಿಸಿದರು. "ಬೆಂಚಿನ ಮೇಲೆ ನಿಲ್ಲಿ ಅಂಡಿ." ನಿಂತರು! ಎಪ್ಪತ್ತು ವರ್ಷದ ಯಜಮಾನರು ಪಂಚೆ ಎತ್ತಿ ಕಟ್ಟಿ, ತನ್ನದೇ ಬೆಂಚಿನ ಮೇಲೆ, ಮುಖದ ತುಂಬ ನಗು. ಆಮೇಲೆ ಅಕ್ಕ ಮತ್ತೆ ಬೋರ್ಡಿನ ಮುಂದೆ ಬಂದಳು.

"ಇನ್ನೊಂದ್ಸಲ ಕೇಳ್ತೀನಿ. ಒರೆಸಿದೋರು ಯಾರು?"

ಕೇಳುವಾಗ ಅವಳ ಮುಖ ನಾನು ನಿಂತ ಪಕ್ಕಕ್ಕೆ ತಿರುಗಿತ್ತು. ನಾನು ಕೈಯಲ್ಲಿದ್ದ ಹಗ್ಗ ನೋಡುತ್ತ ನಿಂತೆ.

ಆಗ ನನ್ನ ಹಿಂದಿನಿಂದ ಒಬ್ಬ ರಂಗಕ್ಕೆ ಹೋದ. ಹಾಸನದ ಹುಡುಗ, ಬ್ಯಾಂಕಿನಲ್ಲಿ ಕ್ಯಾಷಿಯರು. ಕೊನೆಗೆ ಶಾಲಾ ಇನ್‌ಸ್ಪೆಕ್ಟರಾಗಿ ಬಂದು ನಾಲ್ಕು ಮಾತು ಆಡಬೇಕಿತ್ತು. ಈ ಊರಿಗೆ ಬಂದ ಮೇಲೆ ಅವನಿಗೆ ಸಿಕ್ಕಿದ ಮೊದಲ ಪಾರ್ಟು. ನಾಟಕ ನಿಂತುಹೋಗಬಾರದು ಅಂತ ಅವನು ಕೈಕಟ್ಟಿ ತಲೆ ಬಗ್ಗಿಸಿ, "ನಾನು ಟೀಚರ್" ಅಂದ.

ಅಕ್ಕ ಅವನನ್ನು ಒಂದು ಗಳಿಗೆ ನೋಡಿದಳು. "ಹೊರಗೆ ಹೋಗಿ ನಿಂತ್ಕೊ" ಅಂದಳು.

ಅವನು ಜಗಲಿಗೆ ಹೋಗಿ ನಿಂತ. ಒಳಗೆ ಅಕ್ಕ ಖಾಲಿ ಕಾಂಡದ ಜಾಗದಲ್ಲಿ ಸುಣ್ಣದಿಂದ ಒಂದೊಂದೇ ಗೆರೆ ಎಳೆಯುತ್ತ, ಈ ಕೋಣೆಯಲ್ಲಿ ತಾನು ಹೆಸರು ಕೂಗಿದ ಮಕ್ಕಳ ಬಗ್ಗೆ ತೋಚಿದ್ದನ್ನು ಮಾತಾಡಿದಳು. ಬರೆದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಮಾತು ಮುಗಿಯುವ ಹೊತ್ತಿಗೆ ಮರಕ್ಕೆ ಬುಡ ಬಂದಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಜಮಾನರು ಬೆಂಚಿನಿಂದ ಇಳಿಯುವ ಮೊದಲೇ, "ಮತ್ತೆ ಶಾಲೆ ಆಗೋದು ಬೇಡ, ಇದು ಹೀಗೇ ಇರಲಿ" ಅಂದುಬಿಟ್ಟರು. ಹೊರಗೆ ನಿಂತವನನ್ನು ಕರೆಯಲು ಎಲ್ಲರೂ ಮರೆತರು. ಇನ್‌ಸ್ಪೆಕ್ಟರ್ ಇಲ್ಲದೆ ನಾಟಕ ಮುಗಿಯಿತು. ಮುಂದಿನ ತಿಂಗಳು ಅವನಿಗೆ ಪಂಜಾಬಿಗೆ ವರ್ಗವಾಯಿತು. ಅವನು ಆಡಿದ ಒಂದೇ ಮಾತು, ನಾನು ಆಡಬೇಕಾಗಿದ್ದದ್ದು.

ಮರುದಿನ ಅಕ್ಕ ಚಿತ್ರಾನ್ನ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದಳು. ರೈಲಿನ ಕಿಟಕಿಯಿಂದ ಕೈ ಹಾಕಿ ನನ್ನ ತೋಳು ಕೊಡವಿದಳು. "ಎಲ್ಲಿ ಹೋದ್ರೂ ಸುಣ್ಣ ಮೆತ್ಕೊಂಡು ಬರ್ತೀಯ." ನಾನು ಹಾಕಿಕೊಂಡಿದ್ದದ್ದು ಆಗಷ್ಟೇ ಒಗೆದು ಒಣಗಿಸಿದ ಅಂಗಿ. ಅದರ ಮೇಲೆ ಏನೂ ಇರಲಿಲ್ಲ. ರೈಲು ಹೊರಟಾಗ ಜೊತೆಯಲ್ಲೇ ನಾಲ್ಕು ಹೆಜ್ಜೆ ನಡೆಯುತ್ತ, "ಮುಂದಿನ ಸಲ ಒಂದು ಒಳ್ಳೇ ಡಸ್ಟರ್ ತಗೊಂಡ್ಬಾ. ಇನ್ಮೇಲೆ ಅದು ನಿನ್ನ ಹತ್ರಾನೇ ಇರ್ಲಿ" ಅಂದಳು.

ವಿಜಯವಾಡದ ಪಕ್ಕದ ಕೊಂಡಪಲ್ಲಿಗೆ ಹೋಗಿ, ಗೊಂಬೆ ಮಾಡುವವರಿಂದ ಗೊಂಬೆಯ ಹಗುರ ಮರದಲ್ಲೇ ಒಂದು ಡಸ್ಟರು ಮಾಡಿಸಿದೆ. ಬೆನ್ನ ಮೇಲೆ ಹಸಿರು ಗಿಳಿ. ಅಕ್ಕ ತಿರುಗಿಸಿ ತಿರುಗಿಸಿ ನೋಡಿ, "ಒರೆಸೋಕೂ ಇಷ್ಟು ಅಲಂಕಾರನಾ?" ಅಂದಳು. ಆ ನಾಟಕವನ್ನು ಜನರ ಒತ್ತಾಯಕ್ಕೆ ಇನ್ನೊಮ್ಮೆ ಆಡಿಸಿದಳು. ತಾನು ಆಡಲಿಲ್ಲ, ಬೇರೆಯವರಿಗೆ ಹೇಳಿಕೊಟ್ಟಳು. ಚಡ್ಡಿಯ ದೃಶ್ಯ ಇರಲಿಲ್ಲ. "ಆ ಕಾಂಪೌಂಡು ಹಾರೋ ಹುಡುಗ ಎಲ್ಲಿ ಟೀಚರೇ, ಅದೇ ಚೆನ್ನಾಗಿದ್ದಿದ್ದು" ಅಂತ ಚಡ್ಡಿಯ ಆಫೀಸರು ಬೇಜಾರು ಮಾಡಿಕೊಂಡು ಕೇಳಿದರು. ಅಕ್ಕ ನನ್ನ ಕಡೆ ನೋಡದೆ, "ಅವನು ಪಾಸಾಗಿ ಹೋದ ಅಂಡಿ" ಅಂದಳು.

ಅವಳಿಗೆ ಗೊತ್ತು ಅಂತ ನನಗೆ ಗೊತ್ತಾಯಿತು. ಊರಿನ ಶಾಲೆಯಲ್ಲಿ ಹೇಳಿದವಳು ಇಲ್ಲಿ ಹೇಳಲಿಲ್ಲ. ಆಮೇಲೆ ಎಷ್ಟೋ ವರ್ಷ ಎಷ್ಟೋ ಭಾನುವಾರ ಇಬ್ಬರೇ ಕೂತು ಸುಣ್ಣದ ಡಬ್ಬಿ ಜೋಡಿಸಿದ್ದೇವೆ. ನಾನಾಗಿ ಹೇಳಲಿ ಅಂತ ಕಾದಳೋ ಏನೋ. ನಾನು ಹವೆಯ ಬಗ್ಗೆ, ರೈಲು ತಡವಾದದ್ದರ ಬಗ್ಗೆ ಮಾತಾಡಿದೆ.

ಹೋದ ತಿಂಗಳು ಅಕ್ಕ ತೀರಿಕೊಂಡಳು. ಅವಳ ನೆನಪಿಗೆ ಅದೇ ಕಟ್ಟಡದಲ್ಲಿ ಬೆಳಿಗ್ಗೆ ಎಲ್ಲರೂ ಸೇರಿದ್ದರು. ಈಗ ಅಲ್ಲಿ ಹೆಚ್ಚಾಗಿ ತೆಲುಗು ನಾಟಕ, ನಡೆಸುವವಳು ಅಕ್ಕನ ಮಗಳು. ಮಾತಾಡಿದವರೆಲ್ಲ ಅದೇ ದಿನದ ಕತೆ ಹೇಳಿದರು. ಯಜಮಾನರ ಮಗ ಅಪ್ಪ ಬೆಂಚು ಹತ್ತಿದ್ದನ್ನು ಮಾಡಿ ತೋರಿಸಿದ. ಎಲ್ಲರೂ ನಕ್ಕು ನಕ್ಕು ಅತ್ತರು. ನೀವೂ ಎರಡು ಮಾತಾಡಿ ಅಂದರು. ಎದ್ದು ನಿಂತೆ. "ಫ್ಯಾನಿಗೆ ಎಣ್ಣೆ ಹಾಕಿಸಬೇಕು" ಅಂತ ಹೇಳಿ ಕೂತೆ.

ಎಲ್ಲರೂ ಹೋದ ಮೇಲೆ ಬೋರ್ಡಿನ ಮೇಲೆ ಬಾದಾಮಿ ಮರ ಬರೆದೆ. ತೊಗಟೆಯ ಗೆರೆಗಳ ನಡುವೆ ಸಣ್ಣಕ್ಷರದಲ್ಲಿ ಬರೆದೆ: ಒರೆಸಿದ್ದು ನಾನು ಅಕ್ಕ. ಬರೆದು ನಿರಾಳವಾಯಿತು. ನಿಜ ಹೇಳುತ್ತೇನೆ, ಅಲ್ಲಿ ಕನ್ನಡ ಓದುವವರು ಯಾರೂ ಉಳಿದಿಲ್ಲ ಅಂತ ಗೊತ್ತಿದ್ದೇ ಬರೆದದ್ದು.

ಅಕ್ಕನ ಮಗಳು ಬೀಗ ಹಾಕಲು ಬಂದಳು. ಮನೆಯಲ್ಲಿ ಅಷ್ಟಿಷ್ಟು ಕನ್ನಡ ಮಾತಾಡುವವಳು. ಓದಲು ಬರುವುದಿಲ್ಲ ಅಂತಲೇ ನಾನು ತಿಳಿದಿದ್ದೆ. ಮರದ ಹತ್ತಿರ ಹೋಗಿ ತಲೆ ಓರೆ ಮಾಡಿದಳು. ಬೆರಳಿಟ್ಟು ಓದತೊಡಗಿದಳು.

"ಒ... ರೆ... ಸಿ..."

ಅವಳಮ್ಮ ಅವಳಿಗೆ ಕನ್ನಡ ಅಕ್ಷರ ಕಲಿಸಿದ್ದು ನಾನು ಬರೆದ ಮರಗಳಲ್ಲೇ ಅಂತ ಆಮೇಲೆ ತಿಳಿಯಿತು. ಪೂರ್ತಿ ಓದಿ ಮುಗಿಸಿ ಬೆರಳಿನ ಸುಣ್ಣ ಕೊಡವಿಕೊಂಡಳು. ತಿರುಗಿದಾಗ ಅಕ್ಕನ ಗಂಟಲು.

"ಮಾವಯ್ಯಾ, ಹೊರಗೆ ಹೋಗಿ ನಿಂತ್ಕೊಳ್ಳಂಡಿ."

"ಎಷ್ಟು ಹೊತ್ತಮ್ಮ?"

"ಆ ಕ್ಯಾಷಿಯರ್ ಅಂಕಲ್ ಎಷ್ಟು ಹೊತ್ತು ನಿಂತಿದ್ರೋ ಅಷ್ಟು."

ಹೋಗಿ ನಿಂತೆ. ನಡು ಮಧ್ಯಾಹ್ನ. ಜಗಲಿಯ ನೆರಳು ಗೋಡೆಗೆ ಸರಿದಿತ್ತು. ಎದುರುಗಡೆ ಇಸ್ತ್ರಿ ಮಾಡುವವನು ಸ್ವಲ್ಪ ಹೊತ್ತು ನೋಡಿ, ಯಾಕೆ ಬಿಸಿಲಲ್ಲಿ ನಿಂತಿದ್ದೀರಿ ಅಂತ ತೆಲುಗಿನಲ್ಲಿ ಕೇಳಿದ.

"ಬೋರ್ಡು ನೇನೇ ತುಡಿಚೇಶಾನಂಡಿ" ಅಂದೆ. ಬೋರ್ಡು ಒರೆಸಿದ್ದು ನಾನೇ.

ಅವನು ಅದು ದೊಡ್ಡ ತಪ್ಪೇ ಅನ್ನುವ ಹಾಗೆ ತಲೆಯಾಡಿಸಿ, ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡ.